ಕೆಲಸ ಮಾಡುತ್ತಲೇ ವಾಯ್ಸ್ ಓವರ್ ಕಲಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಜಾಹೀರಾತು, ವಿಡಿಯೋ, ಪುಸ್ತಕಗಳಿಗೆ ಓದಿ ದನಿ ಕೊಡುವ ಈ ಕೆಲಸಕ್ಕೆ ನಾನು ಬಂದಿದ್ದು ಮೈಕ್‌ನ ಹಿಂದಿನ ಬಾಗಿಲಿಂದ. ಸ್ಟುಡಿಯೋದಲ್ಲಿ ಕೇಬಲ್ ಸುತ್ತುವುದು, ಸ್ಕ್ರಿಪ್ಟ್ ಹಾಳೆ ಜೋಡಿಸುವುದು, ಓದಲು ಬಂದವರಿಗೆ ನೀರು ಕೊಡುವುದು. ಮೊದಲ ಎರಡು ವರ್ಷ ಕಳೆದಿದ್ದು ಹೀಗೆ. ಈಗ ಹೊಸಬರು ಬಂದು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಪ್ರತಿ ಸಲ ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ.

ಕೋರ್ಸ್ ಮಾಡದೆ ವಾಯ್ಸ್ ಓವರ್ ಕಲಾವಿದರಾಗಬಹುದಾ?

ಆಗಬಹುದು. ಇದಕ್ಕೆ ಲೈಸೆನ್ಸ್ ಇಲ್ಲ, ಪದವಿ ಪತ್ರ ಯಾರೂ ಕೇಳುವುದಿಲ್ಲ. "ಸ್ಯಾಂಪಲ್ ಕಳಿಸಿ" ಅನ್ನುತ್ತಾರೆ, ಅಷ್ಟೇ.

ಹಾಲಿವುಡ್ ಟ್ರೇಲರ್‌ಗಳ ದನಿ ಅಂತಲೇ ಹೆಸರಾದ ಡಾನ್ ಲಾಫಾಂಟೇನ್ ಶುರು ಮಾಡಿದ್ದು ರೆಕಾರ್ಡಿಂಗ್ ಎಂಜಿನಿಯರ್ ಆಗಿ. 1964ರಲ್ಲಿ ಒಂದು ದಿನ ಓದಬೇಕಾದವರು ಬರಲಿಲ್ಲ. ಕೆಲಸ ನಿಲ್ಲಬಾರದು ಅಂತ ಇವರೇ ಓದಿದರು, ಅದನ್ನೇ ಇಟ್ಟುಕೊಂಡರು. 2008ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸಾವಿರಾರು ಟ್ರೇಲರ್‌ಗಳಿಗೆ ದನಿ ಕೊಟ್ಟಿದ್ದರು. ಅದೃಷ್ಟ ಅನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ಆ ದಿನದ ತನಕ ಅವರು ಬೇರೆಯವರ ಓದನ್ನು ಕೂತು ಕೇಳಿದ್ದರು. ಎಲ್ಲಿ ಸಪ್ಪೆಯಾಗುತ್ತದೆ, ಎಲ್ಲಿ ಜೀವ ಬರುತ್ತದೆ ಅನ್ನುವುದು ಅವರ ಕಿವಿಗೆ ಗೊತ್ತಿತ್ತು. ಈ ಕೆಲಸದಲ್ಲಿ ಮೊದಲು ಪಳಗುವುದು ಕಿವಿ, ಗಂಟಲು ಆಮೇಲೆ.

ಒಳ್ಳೆಯ ಗುರು ಸಿಕ್ಕರೆ ಕೋರ್ಸೂ ಒಳ್ಳೆಯದೇ. ಆದರೆ "ಮೂರು ದಿನದಲ್ಲಿ ಕಲಿಸಿ ಕೆಲಸ ಕೊಡಿಸುತ್ತೇವೆ" ಅಂತ ದೊಡ್ಡ ಮೊತ್ತ ಕೇಳುವವರಿಂದ ದೂರ ಇರಿ.

ನನ್ನ ದನಿ ಗಂಭೀರವಾಗಿಲ್ಲ. ನಡೆಯುತ್ತಾ?

ನಡೆಯುತ್ತದೆ. ತರಬೇತಿ ವಿಡಿಯೋ, ಮಕ್ಕಳ ಕಥೆ, ಆ್ಯಪ್ ಬಳಸುವ ಸೂಚನೆ, ಇವಕ್ಕೆಲ್ಲ ಪಕ್ಕದಲ್ಲಿ ಕೂತು ಮಾತಾಡುವಂಥ ದನಿ ಬೇಕು. ಗುಡುಗಿನಂಥ ದನಿ ಇದ್ದೂ ಅರ್ಥ ಮುಟ್ಟಿಸಲಾಗದವರನ್ನು ಬೇಕಾದಷ್ಟು ನೋಡಿದ್ದೇನೆ.

ಕೆಲಸದಲ್ಲೇ ಕಲಿಯಬೇಕು ಅಂದ್ರೆ ಮೊದಲ ಬಾಗಿಲು ಯಾವುದು?

ದನಿಯ ಕೆಲಸ ನಡೆಯುವ ಕೋಣೆಯೊಳಗೆ ಹೇಗಾದರೂ ಕಾಲಿಡಿ. ಓದುವವರಾಗಿಯೇ ಹೋಗಬೇಕು ಅಂತೇನಿಲ್ಲ.

ಸ್ಟುಡಿಯೋ ಸಹಾಯಕರಾಗಿ ಹೋಗಬಹುದು. ಸಮುದಾಯ ರೇಡಿಯೋದಲ್ಲಿ ಪ್ರಕಟಣೆ ಓದಬಹುದು. ಆಡಿಯೋಬುಕ್ ತಂಡಗಳಲ್ಲಿ, ರೆಕಾರ್ಡ್ ಆದದ್ದನ್ನು ಪುಸ್ತಕದ ಜೊತೆ ತಾಳೆ ನೋಡಿ ತಪ್ಪು ಗುರುತು ಮಾಡುವ ಕೆಲಸ ಇರುತ್ತದೆ. ಯಾರಿಗೂ ಅಷ್ಟಾಗಿ ಬೇಡದ ಕೆಲಸ ಅದು, ಆದರೆ ಅದರಷ್ಟು ಕಲಿಸಿದ್ದು ನನಗೆ ಬೇರೊಂದಿಲ್ಲ. ಹತ್ತು ಗಂಟೆ ಬೇರೆಯವರ ಓದು ಕೇಳಿದ ಮೇಲೆ ನಿಮ್ಮ ಓದಿನ ಹುಳುಕು ನಿಮಗೇ ಕಾಣತೊಡಗುತ್ತದೆ. ಡಬ್ಬಿಂಗ್‌ನಲ್ಲಿ ಗುಂಪಿನ ಸದ್ದಿಗೆ ಜನ ಬೇಕಾಗುತ್ತಾರೆ: ಸಂತೆಯ ಗದ್ದಲ, ಮದುವೆ ಮನೆ, ಜಗಳ ನೋಡಲು ನಿಂತವರು. ಹೊಸಬರನ್ನು ಮೊದಲು ನಿಲ್ಲಿಸುವುದು ಅಲ್ಲಿಯೇ.

ಇದ್ಯಾವುದೂ ಕೈಗೆಟುಕದಿದ್ದರೆ ಲಿಬ್ರಿವಾಕ್ಸ್ ಇದೆ. 2005ರಲ್ಲಿ ಶುರುವಾದ ಈ ಯೋಜನೆಯಲ್ಲಿ ಕಾಪಿರೈಟ್ ಮುಗಿದ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ, ಇನ್ನೊಬ್ಬ ಸ್ವಯಂಸೇವಕರು ಕೇಳಿ ತಪ್ಪು ತೋರಿಸುತ್ತಾರೆ. ದುಡ್ಡು ಬರುವುದಿಲ್ಲ. ಒಂದು ಅಧ್ಯಾಯವನ್ನು ಮೊದಲಿಂದ ಕೊನೆಯವರೆಗೆ ಹೊಣೆ ಹೊತ್ತು ಮುಗಿಸುವ ಅಭ್ಯಾಸವಂತೂ ಬರುತ್ತದೆ.

ಸ್ಕ್ರ್ಯಾಚ್ ಓದು ಅಂದ್ರೇನು? ಅದನ್ನು ಒಪ್ಪಿಕೊಳ್ಳಲಾ?

ಒಪ್ಪಿಕೊಳ್ಳಿ, ಎರಡನೇ ಮಾತು ಬೇಡ. ವಿಡಿಯೋ ಎಡಿಟ್ ಮಾಡುವಾಗ ಅಳತೆಗೆ ಅಂತ ಒಂದು ತಾತ್ಕಾಲಿಕ ದನಿ ಬೇಕಾಗುತ್ತದೆ. ಅದೇ ಸ್ಕ್ರ್ಯಾಚ್. ಕೊನೆಗೆ ಅದನ್ನು ತೆಗೆದುಹಾಕಿ, ಆಯ್ಕೆಯಾದ ಕಲಾವಿದರ ದನಿ ಹಾಕುತ್ತಾರೆ.

ನನ್ನ ಮೊದಲ ಓದು ಇಂಥದ್ದೇ. ನಾಲ್ಕು ನಿಮಿಷದ ಒಂದು ಸಾಕ್ಷ್ಯಚಿತ್ರ, ವಿಷಯ ಅಂತರ್ಜಲ. ಎಡಿಟರ್ "ನೀನೇ ಓದಿಬಿಡು ಮಾರಾಯ, ಅಳತೆ ಸಿಕ್ಕರೆ ಸಾಕು" ಅಂದರು. ತಪ್ಪಿಲ್ಲದೆ ಓದಿದೆ, ಖುಷಿಯೂ ಆಯಿತು. ವಾರದ ನಂತರ ಹಿರಿಯ ಕಲಾವಿದರೊಬ್ಬರು ಅದೇ ಹಾಳೆ ಹಿಡಿದು ಬಂದರು. ನಾನು ಗಾಜಿನ ಈಚೆ ಕೂತಿದ್ದೆ. ಅವರದ್ದೂ ನಾಲ್ಕೇ ನಿಮಿಷ. ಆದರೆ "ಈಗ ಆ ಬಾವಿಯಲ್ಲಿ ನೀರಿಲ್ಲ" ಅನ್ನುವ ಸಾಲಿಗೆ ಬಂದಾಗ, "ಬಾವಿಯಲ್ಲಿ" ಅಂದಮೇಲೆ ಅವರು ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ನಿಂತರು. "ನೀರಿಲ್ಲ" ಅನ್ನುವುದನ್ನು ಇನ್ನೂ ಮೆಲ್ಲಗೆ ಹೇಳಿದರು. ನಾನು ಅದೇ ಪದವನ್ನು ಜೋರಾಗಿ ಒತ್ತಿದ್ದೆ. ಆ ನಿಲುಗಡೆಗೆ ಬೇಕಾದ ಸಮಯವನ್ನು ಹಿಂದಿನ ಸಾಲಿನ ಅಂಕಿ ಅಂಶಗಳನ್ನು ಕೊಂಚ ಬೇಗ ಓದಿ ಉಳಿಸಿಕೊಂಡಿದ್ದರು. ಎರಡೂ ಫೈಲ್ ಒಂದರ ಕೆಳಗೊಂದು ಇಟ್ಟು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ನಿಮ್ಮ ಸ್ಕ್ರ್ಯಾಚ್ ಜಾಗಕ್ಕೆ ಯಾರ ದನಿ ಬಂತು ಅಂತ ತಪ್ಪದೆ ಕೇಳಿಸಿಕೊಳ್ಳಿ. ಪುಕ್ಕಟೆ ಪಾಠ ಅದು.

"ಕನ್ನಡಕ್ಕಾಗಿ ಒಂದನ್ನು ಒತ್ತಿ" ಥರದ ಕೆಲಸದಿಂದ ಏನು ಕಲಿಯಲಿಕ್ಕಾಗುತ್ತೆ?

ಜಾಸ್ತಿ ಜನ ಕೀಳಾಗಿ ನೋಡುವ ಕೆಲಸ ಇದು. ಫೋನ್ ಮಾಡಿದಾಗ ತಾನಾಗಿ ಕೇಳಿಸುವ ರೆಕಾರ್ಡ್ ಮಾಡಿದ ದನಿ, ಐವಿಆರ್ ಅನ್ನುತ್ತಾರೆ. ನಾನು ಯಾರಿಗಾದರೂ ಮೊದಲ ಕೆಲಸ ಆರಿಸಿ ಕೊಡುವುದಾದರೆ ಇದನ್ನೇ ಕೊಡುತ್ತೇನೆ.

ಯಾಕೆ ಅಂದರೆ, ಇಲ್ಲಿ ವಾಕ್ಯವನ್ನು ತುಂಡು ತುಂಡಾಗಿ ಓದಬೇಕು. ಆ ತುಂಡುಗಳನ್ನು ಕಂಪ್ಯೂಟರ್ ಜೋಡಿಸುತ್ತದೆ. 3,405 ಅನ್ನು ತೆಗೆದುಕೊಳ್ಳಿ: "ಮೂರು ಸಾವಿರದ ನಾನೂರ ಐದು". ಕನ್ನಡದಲ್ಲಿ ಸಂಖ್ಯೆ ಅಲ್ಲಿಗೇ ಮುಗಿದರೆ "ಸಾವಿರ", ಮುಂದುವರಿದರೆ "ಸಾವಿರದ". ಮುಗಿದರೆ "ನಾನೂರು", ಮುಂದುವರಿದರೆ "ನಾನೂರ". ಹಾಗಾಗಿ ಎರಡೂ ರೂಪ ಓದಬೇಕು. "ಐದು" ಅನ್ನುವುದನ್ನೂ ಎರಡು ಥರ ಓದಬೇಕು. ಫೋನ್ ನಂಬರ್ ಮಧ್ಯೆ ಬರುವ ಐದಕ್ಕೆ ದನಿ ಸಮ ಇರಬೇಕು, ಕೊನೆಯ ಐದಕ್ಕೆ ದನಿ ಇಳಿಯಬೇಕು. ಇದು ಗೊತ್ತಿಲ್ಲದೆ ಬೇರೆ ಭಾಷೆಯ ಪಟ್ಟಿಯನ್ನೇ ಕನ್ನಡಕ್ಕೆ ಇಳಿಸಿದ ಸ್ಕ್ರಿಪ್ಟ್‌ಗಳು ಬರುತ್ತವೆ. "ನಾನೂರು ಐದು" ಅಂತ ಕೇಳಿಸಿದಾಗ ಕಿವಿಗೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ರೆಕಾರ್ಡಿಂಗ್‌ಗೆ ಮೊದಲೇ ಇದನ್ನು ಎತ್ತಿ ತೋರಿಸಿದರೆ ಮುಂದಿನ ಸಲ ನಿಮ್ಮನ್ನೇ ಕರೆಯುತ್ತಾರೆ. ನನ್ನನ್ನು ಕರೆದಿದ್ದು ಹಾಗೆಯೇ.

ಇನ್ನೊಂದು. ಆರು ತಿಂಗಳ ನಂತರ ನಾಲ್ಕು ಹೊಸ ಸಾಲು ಸೇರಿಸಬೇಕು ಅಂತ ಫೋನ್ ಬರುತ್ತದೆ. ಹಳೆಯ ದನಿಗೆ ಹೊಂದುವಂತೆ ಓದಬೇಕು: ಅದೇ ವೇಗ, ಅದೇ ಎತ್ತರ, ಮೈಕ್‌ನಿಂದ ಅಷ್ಟೇ ದೂರ. ಮೊದಲ ದಿನವೇ ಮೈಕ್‌ನ ಹೆಸರು, ಅಂತರ, ಸೆಟ್ಟಿಂಗ್ ಎಲ್ಲ ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ. ಹಳೆಯ ಫೈಲನ್ನು ಅಳಿಸಬೇಡಿ.

"ಇನ್ನೊಂದು ಟೇಕ್" ಅಂತಲೇ ಇರುತ್ತಾರೆ. ನಾನು ಕೆಟ್ಟದಾಗಿ ಓದುತ್ತಿದ್ದೇನಾ?

ಸಾಮಾನ್ಯವಾಗಿ ಇಲ್ಲ. ಎಡಿಟ್‌ಗೆ ಆಯ್ಕೆ ಇರಲಿ ಅಂತ ಕೇಳುತ್ತಾರೆ. ಆದರೆ ಹಿಂದಿನ ಥರವೇ ಓದಿದರೆ ಪ್ರಯೋಜನವಿಲ್ಲ. ಒಂದೇ ಸಾಲಿಗೆ ಮೂರು ಬೇರೆ ಓದು ಕೊಡಲು ಬರಬೇಕು.

ನಿರ್ದೇಶಕರ ಭಾಷೆಯನ್ನು ಬಿಡಿಸಿಕೊಳ್ಳುವುದೂ ಒಂದು ಕಲಿಕೆ. "ಸ್ವಲ್ಪ ಎನರ್ಜಿ" ಅಂದರೆ ಜೋರಾಗಿ ಅಂತ ತಿಳಿದು ಹೊಸಬರು ಕೂಗುತ್ತಾರೆ. ಅವರಿಗೆ ಬೇಕಿರುವುದು ಹೆಚ್ಚಾಗಿ ಚುರುಕು. "ಕಡಿಮೆ ಮಾಡಿ" ಅಂದರೆ ನಾಟಕೀಯತೆ ಕಡಿಮೆ ಮಾಡಿ ಅಂತ. "ಓದ್ತಾ ಇದ್ದೀರಿ" ಅಂದಾಗ, ಎದುರಿಗೆ ನಿಮಗೆ ಗೊತ್ತಿರುವ ಒಬ್ಬರನ್ನು ಕೂರಿಸಿಕೊಂಡು ಅವರಿಗೆ ಹೇಳಿ. ನಾನು ಈಗಲೂ ಅಕ್ಕನನ್ನು ಕೂರಿಸಿಕೊಳ್ಳುತ್ತೇನೆ. ಅರ್ಥವಾಗದಿದ್ದರೆ "ಇನ್ನೂ ಆಪ್ತವಾಗಿ ಬೇಕಾ, ಅಥವಾ ನಿಧಾನವಾಗಿ ಬೇಕಾ ಸರ್?" ಅಂತ ಕೇಳಿ. ಯಾರೂ ತಪ್ಪು ತಿಳಿಯುವುದಿಲ್ಲ.

ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಓದಬೇಕಾಗುತ್ತೆ. ತಡವರಿಸದೆ ಓದೋದು ಹೇಗೆ?

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಆಯಿತೋ ಇಲ್ಲವೋ, ಪ್ರಶ್ನೆಯೋ ಉತ್ತರವೋ, ಎಲ್ಲ ಗೊತ್ತಾಗುವುದು ಕೊನೆಯ ಪದದಲ್ಲಿ. ಬಾಯಿ ಮೊದಲ ಪದದಲ್ಲಿರುವಾಗ ಕಣ್ಣು ಆ ಕೊನೆಯ ಪದವನ್ನು ಮುಟ್ಟಿ ಬಂದಿರಬೇಕು. ಇಲ್ಲದಿದ್ದರೆ ವಾಕ್ಯ ಎತ್ತಲೋ ಹೊರಟು ಕೊನೆಗೆ ಎಡವುತ್ತದೆ.

ದಿನಕ್ಕೆ ಹದಿನೈದು ನಿಮಿಷ, ಹಿಂದೆ ನೋಡಿರದ ಏನನ್ನಾದರೂ ಜೋರಾಗಿ ಓದಿ. ಪತ್ರಿಕೆಯ ಸಂಪಾದಕೀಯ, ಔಷಧದ ಚೀಟಿ, ಕರಾರು ಪತ್ರ. ಕರಾರು ಪತ್ರವನ್ನು ಉಸಿರು ಕಟ್ಟದೆ ಓದಲು ಬಂದರೆ ಬೇರೆಲ್ಲ ಸಲೀಸು. ಪೆನ್ಸಿಲ್ ಇಟ್ಟುಕೊಂಡು ಉಸಿರಿಗೆ ಒಂದು ಗೀಟು, ಒತ್ತಿಗೆ ಒಂದು ಅಡಿಗೆರೆ ಹಾಕಿ. ಹೊಸ ಹೆಸರು ಬಂದರೆ ಉಚ್ಚಾರಣೆ ಮೊದಲೇ ಕೇಳಿಕೊಳ್ಳಿ.

ನನ್ನ ಮಾತಿನಲ್ಲಿ ಊರಿನ ಸೊಗಡಿದೆ. ಬದಲಾಯಿಸಿಕೊಳ್ಳಬೇಕಾ?

ಬದಲಾಯಿಸಿಕೊಳ್ಳಬೇಡಿ. ಇನ್ನೊಂದು ಮಾತನ್ನು ಅದರ ಪಕ್ಕಕ್ಕೆ ಸೇರಿಸಿಕೊಳ್ಳಿ. ಸುದ್ದಿ, ಪಾಠ, ಪ್ರಕಟಣೆಗೆ ಬರಹದ ಕನ್ನಡದ ಉಚ್ಚಾರಣೆ ಬೇಕು. ಅಲ್ಲಿ "ಹಾದರ" ಮತ್ತು "ಆದರ" ಅದಲು ಬದಲಾದರೆ ಅನಾಹುತವೇ ಆಗುತ್ತದೆ. "ಬೇಳೆ" ಹೋಗಿ "ಬೇಲೆ" ಆಗಬಾರದು. "ವಿಶೇಷ"ದಲ್ಲಿ ಶ, ಷ ಎರಡೂ ಜಾರಿ ಸ ಆಗಬಾರದು. ಮಹಾಪ್ರಾಣಗಳನ್ನು ಅಗತ್ಯಕ್ಕಿಂತ ಒತ್ತುವುದೂ ತಪ್ಪೇ, ಮಾತು ಪೆಡಸಾಗುತ್ತದೆ. ಆದರೆ ಪಾತ್ರಕ್ಕೆ ದನಿ ಕೊಡುವಾಗ, ಆಪ್ತವಾದ ಜಾಹೀರಾತಿನಲ್ಲಿ, ನಿಮ್ಮೂರ ಮಾತೇ ನಿಮ್ಮ ಬಂಡವಾಳ. ಅದನ್ನು ನಾಚಿಕೆಯಿಂದ ಒರೆಸಿ ಹಾಕಿಕೊಂಡವರನ್ನು ನೋಡಿದಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಡಬ್ಬಿಂಗ್ ಬೇರೆ ವಿದ್ಯೆಯಾ?

ಹೌದು, ಅರ್ಧಕ್ಕರ್ಧ ಬೇರೆ. ಇಲ್ಲಿ ವೇಗ ನಿಮ್ಮ ಕೈಲಿಲ್ಲ, ಪರದೆಯ ಮೇಲಿನ ತುಟಿಯ ಕೈಲಿದೆ. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ನಟನ ತುಟಿ ಮುಚ್ಚುವ ಕಡೆ ನಿಮ್ಮ ಮಾತಿನಲ್ಲೂ ಅಂಥದ್ದೊಂದು ಅಕ್ಷರ ಬಿದ್ದರೆ ನೋಡುವವರು ನಂಬುತ್ತಾರೆ. ಉಳಿದ ಕಡೆ ತುಸು ಹೆಚ್ಚುಕಡಿಮೆಯಾದರೂ ಕಣ್ಣು ಕ್ಷಮಿಸುತ್ತದೆ. ಮಾತು ಉದ್ದವಾದರೆ "ಬರುತ್ತೇನೆ" ಅನ್ನುವುದನ್ನು "ಬರ್ತೀನಿ" ಮಾಡಬಹುದು, ಚಿಕ್ಕದಾದರೆ ಒಂದು "ನೋಡು" ಸೇರಿಸಬಹುದು. ಇದನ್ನು ಸ್ಥಳದಲ್ಲೇ ಹೊಳೆಯಿಸಬಲ್ಲವರಿಗೆ ಡಬ್ಬಿಂಗ್ ಕೋಣೆಯಲ್ಲಿ ತುಂಬ ಬೆಲೆ. ಮೊದಲ ದಿನಗಳಲ್ಲಿ ನಿಮ್ಮ ಸಾಲು ಮುಗಿದ ಕೂಡಲೇ ಮನೆಗೆ ಓಡಬೇಡಿ. ಮುಖ್ಯ ಪಾತ್ರದವರು ನಟನ ಉಸಿರನ್ನು ಹೇಗೆ ಹಿಡಿಯುತ್ತಾರೆ, ಗಮನಿಸಿ. ಮಾತಿಗಿಂತ ಮೊದಲು ಬರುವ ಆ ಸಣ್ಣ ಉಸಿರು ಕೂತರೆ ಮಾತು ತಾನಾಗಿ ಕೂರುತ್ತದೆ.

ಮನೆಯಲ್ಲೇ ರೆಕಾರ್ಡ್ ಮಾಡಲು ಯಾವ ಮೈಕ್ ತಗೊಳ್ಳಲಿ?

ಮೈಕ್‌ಗಿಂತ ಮೊದಲು ಕೋಣೆ. ಬರೀ ಗೋಡೆಯ ಕೋಣೆಯಲ್ಲಿ ಎಷ್ಟು ದುಬಾರಿ ಮೈಕ್ ಇಟ್ಟರೂ ದನಿ ಡಬ್ಬದೊಳಗಿಂದ ಬಂದಂತೆ ಕೇಳಿಸುತ್ತದೆ. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರ ಕಡೆ ಮುಖ ಮಾಡಿ, ಬೆನ್ನ ಹಿಂದೆ ದಪ್ಪ ಕಂಬಳಿ ತೂಗುಹಾಕಿ ಓದಿ ನೋಡಿ. ಫ್ಯಾನ್ ಆರಿಸಿ, ಫ್ರಿಜ್‌ನ ಸದ್ದು ಕೇಳಿಸುತ್ತಾ ನೋಡಿ.

ಕಂಡೆನ್ಸರ್ ಮೈಕ್ ಸೂಕ್ಷ್ಮ, ನಿಮ್ಮ ದನಿಯ ಜೊತೆ ಬೀದಿಯ ಹಾರನ್ನನ್ನೂ ಹಿಡಿಯುತ್ತದೆ. ಅದಕ್ಕೆ ಸಾಮಾನ್ಯವಾಗಿ 48 ವೋಲ್ಟ್ ವಿದ್ಯುತ್ ಕೊಡುವ ಇಂಟರ್‌ಫೇಸ್, ಅಂದರೆ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ ಬೇಕು. ಸದ್ದಿನ ಮನೆಯಾದರೆ ಅಷ್ಟು ಸೂಕ್ಷ್ಮವಲ್ಲದ ಡೈನಾಮಿಕ್ ಮೈಕ್ ಒಳ್ಳೆಯದು. ಬಾಯಿಂದ ಮೈಕ್‌ಗೆ ಒಂದು ಗೇಣು ಅಂತರ ಇರಲಿ. ಮೈಕನ್ನು ಬಾಯಿಗೆ ನೇರ ಇಡದೆ ತುಸು ಓರೆಯಾಗಿಟ್ಟರೆ ಪ, ಫ, ಭ ಹೇಳುವಾಗ ಗಾಳಿ ಬಡಿಯುವುದಿಲ್ಲ. ತೀರಾ ಹತ್ತಿರ ಹೋದರೆ ದನಿ ದಪ್ಪಗಾಗುತ್ತದೆ. ಅದು ಮೈಕ್‌ನ ಗುಣ, ಅದಕ್ಕೆ ಮರುಳಾಗಬೇಡಿ.

ಎಡಿಟಿಂಗ್ ಕಲಿಯಲೇಬೇಕಾ?

ಕಲಿಯಿರಿ. ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಶುರುವಿಗೆ ಧಾರಾಳ ಸಾಕು. ನಿಮ್ಮ ದನಿಯನ್ನು ನೀವೇ ಕತ್ತರಿಸುವಾಗ, ಪ್ರತಿ ವಾಕ್ಯದ ಕೊನೆಗೆ ದನಿ ಬೀಳುವುದು, ಮೂಗಿನಲ್ಲಿ ಉಸಿರು ಎಳೆಯುವ ಸದ್ದು ಎಲ್ಲ ಕಣ್ಣಿಗೇ ಕಾಣುತ್ತದೆ. ಮರುದಿನ ಮೈಕ್ ಮುಂದೆ ನಿಂತಾಗ ತಾನಾಗಿಯೇ ತಿದ್ದಿಕೊಳ್ಳುತ್ತೀರಿ.

ಕೆಲವು ಅಂಕಿ ಬಾಯಿಪಾಠ ಆಗಿರಲಿ. ವಿಡಿಯೋ ಕೆಲಸಕ್ಕೆ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ಕೇಳುವುದು ರೂಢಿ. ಆಡಿಯೋಬುಕ್ ಮಾರುವ ಆಡಿಬಲ್‌ಗೆ ಪುಸ್ತಕ ಹೋಗುವ ಎಸಿಎಕ್ಸ್ ವೇದಿಕೆ 44.1 ಕಿಲೋಹರ್ಟ್ಸ್ ಎಂಪಿ3 ಕೇಳುತ್ತದೆ. ಅಲ್ಲಿ ದನಿಯ ಸರಾಸರಿ ಮಟ್ಟ ಮೈನಸ್ 23 ಮತ್ತು ಮೈನಸ್ 18 ಡೆಸಿಬೆಲ್ ನಡುವೆ ಇರಬೇಕು, ಎತ್ತರದ ತುದಿ ಮೈನಸ್ 3 ದಾಟಬಾರದು, ಕೋಣೆಯ ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕೆಳಗಿರಬೇಕು. ಸದ್ದು ತೆಗೆಯುವ ಫಿಲ್ಟರನ್ನು ಜಾಸ್ತಿ ಉಜ್ಜಿದರೆ ದನಿ ನೀರಿನಡಿಯಿಂದ ಬಂದಂತಾಗುತ್ತದೆ. ಅದಕ್ಕಿಂತ ಇನ್ನೊಂದು ಸಲ ಓದುವುದೇ ವಾಸಿ.

ಓದುವಾಗ ಬಾಯಲ್ಲಿ ಚಟಪಟ ಸದ್ದು ಬರುತ್ತೆ.

ಬಾಯಿ ಒಣಗಿರುವುದರ ಗುರುತು. ಹಿಂದಿನ ದಿನದಿಂದಲೇ ನೀರು ಕುಡಿಯಿರಿ. ಓದುವ ಮೊದಲು ಹಾಲು, ಸಿಹಿ ಬೇಡ. ಹುಳಿ ಸೇಬಿನ ಒಂದು ಹೋಳು ಹಲವರಿಗೆ ಹಿಡಿಸುತ್ತದೆ.

ಡೆಮೊ, ಅಂದರೆ ನನ್ನ ದನಿಯ ಸ್ಯಾಂಪಲ್, ಯಾವಾಗ ಮಾಡಿಸಲಿ?

ಅವಸರ ಬೇಡ. ನಿಜವಾದ ಕೆಲಸ ಐದಾರು ಮಾಡಿದ ಮೇಲೆ. ಒಂದೂವರೆ ನಿಮಿಷ ಮೀರದಿರಲಿ, ಅತ್ಯುತ್ತಮ ತುಣುಕು ಮೊದಲ ಹತ್ತು ಸೆಕೆಂಡಿನೊಳಗೆ ಬರಲಿ. ಜಾಹೀರಾತು, ಕಥೆ, ಪಾಠ ಎಲ್ಲ ಒಂದರಲ್ಲೇ ತುರುಕದೆ ಬೇರೆ ಬೇರೆ ಮಾಡಿ. ಹಳೆಯ ಕೆಲಸದ ತುಣುಕು ಬಳಸುವ ಮೊದಲು ಕೊಟ್ಟವರ ಅನುಮತಿ ಕೇಳಿ.

ಅನುಭವಕ್ಕೆ ಅಂತ ಪುಕ್ಕಟೆ ಮಾಡಿಕೊಡಲಾ? ದುಡ್ಡಿನ ಮಾತು ಹೇಗೆ?

ಯಾರೂ ದುಡ್ಡು ಮಾಡದ ಕೆಲಸವಾದರೆ ಮಾಡಿಕೊಡಿ. ಅಂಧರಿಗೆ ಪುಸ್ತಕ ಓದುವುದು, ಗೆಳೆಯರ ಕಿರುಚಿತ್ರ. ನಿಮ್ಮ ದನಿಯಿಂದ ಇನ್ನೊಬ್ಬರು ವ್ಯಾಪಾರ ಮಾಡುವುದಾದರೆ ನಿಮಗೂ ಪಾಲು ಬರಬೇಕು, ಅದು ಎಷ್ಟೇ ಸಣ್ಣದಿರಲಿ.

ನನಗೆ ಈ ಪಾಠ ನೋವಿನಿಂದ ಬಂತು. ಒಂದು ಕಂಪನಿಯವರು ಸಿಬ್ಬಂದಿ ತರಬೇತಿಗೆ ಅಂತ ಓದಿಸಿಕೊಂಡರು. ಒಂದು ವರ್ಷದ ನಂತರ ಅದೇ ದನಿ ಅವರ ಜಾಹೀರಾತಿನಲ್ಲಿ ಕೇಳಿಸಿತು. ಕೇಳಲು ಹೋದರೆ "ದುಡ್ಡು ಕೊಟ್ಟಾಗಿದೆಯಲ್ಲ" ಅಂದರು. ನನ್ನ ಹತ್ತಿರ ಒಂದು ಸಾಲು ಬರಹವೂ ಇರಲಿಲ್ಲ. ಅವತ್ತಿಂದ ನಾಲ್ಕು ವಿಷಯ ಬರೆಸಿಕೊಳ್ಳದೆ ಮೈಕ್ ಮುಂದೆ ನಿಲ್ಲುವುದಿಲ್ಲ: ಎಲ್ಲಿ ಬಳಸುತ್ತಾರೆ, ಎಷ್ಟು ಕಾಲ ಬಳಸುತ್ತಾರೆ, ದುಡ್ಡು ಯಾವಾಗ ಕೊಡುತ್ತಾರೆ, ತಿದ್ದುಪಡಿಗೆ ಏನು ಲೆಕ್ಕ. ನನ್ನ ತಪ್ಪಾದರೆ ಮತ್ತೆ ಪುಕ್ಕಟೆ ಓದುತ್ತೇನೆ. ಸ್ಕ್ರಿಪ್ಟ್ ಬದಲಾದರೆ ಬೇರೆ ದುಡ್ಡು. ದೊಡ್ಡ ಕರಾರು ಬೇಕಿಲ್ಲ, ಒಂದು ಇಮೇಲ್ ಕಳಿಸಿ "ಸರಿ" ಅಂತ ಉತ್ತರ ತರಿಸಿಕೊಂಡರೂ ಆಯಿತು.

ಎಐ ಬಂದ ಮೇಲೂ ಈ ಕೆಲಸ ಇರುತ್ತಾ?

ಸಣ್ಣ ಕೆಲಸಗಳಲ್ಲಿ ಕೆಲವು ಈಗಾಗಲೇ ಕೈತಪ್ಪಿವೆ, ಅದನ್ನು ಮುಚ್ಚಿಡುವುದಿಲ್ಲ. ಹೊಸಬರ ಮೊದಲ ಮೆಟ್ಟಿಲೇ ಅವು, ಅದೇ ನನ್ನ ಚಿಂತೆ. ಪಾತ್ರ, ಕಥೆ, ನಿರ್ದೇಶಕರ ಜೊತೆ ಕೂತು ಮಾಡುವ ಕೆಲಸಗಳಲ್ಲಿ ಮನುಷ್ಯರ ದನಿಯನ್ನು ಈಗಲೂ ಹುಡುಕಿಕೊಂಡು ಬರುತ್ತಾರೆ.

ಕೊಟ್ಟ ದನಿಯ ಮೇಲೆ ಕಣ್ಣಿಡುವುದು ಮುಖ್ಯ. ಅಮೆರಿಕದ ಕಲಾವಿದರ ಸಂಘ ಸಾಗ್-ಆಫ್ಟ್ರಾ 2024ರ ಜುಲೈಯಲ್ಲಿ ವಿಡಿಯೋ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದ್ದು ಇದೇ ವಿಷಯಕ್ಕೆ. ಅದು ಮುಗಿಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಕಲಾವಿದರ ಡಿಜಿಟಲ್ ನಕಲು ಬಳಸಲು ಅವರ ಒಪ್ಪಿಗೆ ಬೇಕು ಅನ್ನುವುದು ಒಪ್ಪಂದಕ್ಕೆ ಸೇರಿತು. ನಿಮ್ಮ ಇಮೇಲ್‌ನಲ್ಲೂ ಒಂದು ಸಾಲಿರಲಿ: "ಈ ಧ್ವನಿಯನ್ನು ಎಐ ತರಬೇತಿಗೆ ಅಥವಾ ನಕಲು ಧ್ವನಿ ತಯಾರಿಸಲು ಬಳಸುವಂತಿಲ್ಲ." ಸಾವಿರಾರು ಬಿಡಿ ವಾಕ್ಯ ಓದಿಸಿ, ಯಾಕೆ ಅಂತ ಹೇಳದವರು ಸಿಕ್ಕರೆ ಮೊದಲು ಕಾರಣ ಕೇಳಿ.

ಗಂಟಲು ಕಟ್ಟಿದ ದಿನ ಏನು ಮಾಡಲಿ?

ರೆಕಾರ್ಡಿಂಗ್ ಮುಂದೂಡಿ. ಪಿಸುಗುಟ್ಟಿದರೆ ಗಂಟಲಿಗೆ ಆರಾಮ ಅಂದುಕೊಳ್ಳುತ್ತಾರೆ, ಅದರಿಂದಲೂ ಆಯಾಸವಾಗುತ್ತದೆ. ಸುಮ್ಮನಿರುವುದೇ ಮದ್ದು. ಕಿರುಚುವ ದೃಶ್ಯಗಳಿದ್ದರೆ ದಿನದ ಕೊನೆಗೆ ಇಡಲು ಕೇಳಿ. ಎರಡು ಮೂರು ವಾರವಾದರೂ ದನಿ ಒರಟಾಗಿಯೇ ಇದ್ದರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ತಿರ ಹೋಗಲೇಬೇಕು.

ನಾಳೆ ನನ್ನ ಮೊದಲ ರೆಕಾರ್ಡಿಂಗ್. ಏನು ಗಮನದಲ್ಲಿರಲಿ?

ಹತ್ತಿಯ ಮೆತ್ತನೆ ಬಟ್ಟೆ ಹಾಕಿಕೊಳ್ಳಿ, ಸರಬರ ಅನ್ನುವಂಥದ್ದು ಬೇಡ. ಬಳೆ, ಗಡಿಯಾರ, ಜೇಬಿನ ಚಿಲ್ಲರೆ ಹೊರಗಿಡಿ. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಡಿ, ಅದು ಗುಡುಗುಡು ಅನ್ನುವುದೂ ಮೈಕ್‌ಗೆ ಕೇಳಿಸುತ್ತದೆ. ಕಾಲು ಗಂಟೆ ಮೊದಲೇ ಹೋಗಿ, ಎಂಜಿನಿಯರ್ ಹೆಸರು ಕೇಳಿ ಮಾತಾಡಿಸಿ. ಹಾಳೆಗಳನ್ನು ಪಿನ್ ಮಾಡದೆ ಬಿಡಿಬಿಡಿಯಾಗಿ ಹರಡಿಟ್ಟುಕೊಳ್ಳಿ. ತಪ್ಪಾದರೆ "ಅಯ್ಯೋ" ಅನ್ನದೆ ಒಂದು ಕ್ಷಣ ನಿಂತು, ವಾಕ್ಯದ ಮೊದಲಿಂದ ಓದಿ.

ಕೊನೆಯ ಸಾಲು ಮುಗಿದ ಮೇಲೆ ಕೋಣೆಯ ಖಾಲಿ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳುತ್ತಾರೆ, ಎಡಿಟ್ ಮಾಡುವಾಗ ಮಾತಿನ ನಡುವಿನ ಜಾಗ ತುಂಬಲು. ಹೊಸಬರು ಖುಷಿಯಲ್ಲಿ ಹೆಡ್‌ಫೋನ್ ತೆಗೆದು ಎದ್ದೇಬಿಡುತ್ತಾರೆ. ನೀವು ಅಲ್ಲಾಡದೆ ನಿಂತಿರಿ, ಗಾಜಿನ ಆಚೆಯಿಂದ ಎಂಜಿನಿಯರ್ ಕೈ ಎತ್ತುವ ತನಕ.